ಸೀಸೆ ಮಾವನವರ ಪೆಟ್ರೋಲು

ನಮ್ಮ ಮಾವನವರನ್ನು ಊರಿನ ಎಲ್ಲ ಪೆಟ್ರೋಲ್ ಬಂಕಿನವರೂ ಬಲ್ಲರು. ಅವರು ರಸ್ತೆಯ ತಿರುವಿನಲ್ಲಿ ಕಾಣಿಸಿಕೊಂಡರೆ ಸಾಕು, ಬಂಕಿನವರು ದೂರದಿಂದಲೇ ಕೈ ಮುಗಿಯುತ್ತಿದ್ದರು. ಭಕ್ತಿಯಿಂದಲ್ಲ, ಇವತ್ತೊಂದು ದಿನ ಬಿಟ್ಟುಬಿಡಿ ಎಂದು. ಹಳೆಯ ಕಾಲುಚೀಲದಲ್ಲಿ ಸುತ್ತಿದ ಗಾಜಿನ ಸೀಸೆಯೊಂದು ಸದಾ ಅವರ ಕೋಟಿನ ಜೇಬಿನಿಂದ ತಲೆ ಹೊರಹಾಕಿರುತ್ತಿತ್ತು. ಗೊತ್ತಿಲ್ಲದವರು ಅದನ್ನು ನೋಡಿ, ಪಾಪ, ಈ ವಯಸ್ಸಿನಲ್ಲೂ ಬಿಟ್ಟಿಲ್ಲವಲ್ಲ ಎಂದು ಮರುಗುತ್ತಿದ್ದರು. ಗೊತ್ತಿದ್ದವರಿಗೆ ಅವರು ಕುಡುಕರಾಗಿದ್ದರೇ ವಾಸಿಯಿತ್ತು ಅನ್ನಿಸುತ್ತಿತ್ತು. ಕುಡುಕನಾದರೆ ಸ್ವಲ್ಪ ಹೊತ್ತಿಗೆ ಎಲ್ಲಾದರೂ ಮಲಗಿಬಿಡುತ್ತಾನೆ. ಇವರು ಮಲಗುವ ಪೈಕಿಯಲ್ಲ.

ಅವರು ಮೂವತ್ತೊಂದು ವರ್ಷ ಒಂದು ಶಾಲೆಯ ಪ್ರಯೋಗಶಾಲೆಯಲ್ಲಿ ಅಟೆಂಡರ್ ಆಗಿದ್ದವರು. ಪಾಠ ಮಾಡಿದವರಲ್ಲ. ಪಾಠ ಮಾಡಿದವರು ಮೇಜಿನ ಮೇಲೆ ಬಿಟ್ಟುಹೋದದ್ದನ್ನೆಲ್ಲ ತೊಳೆದು, ಒರೆಸಿ, ಗಾತ್ರದ ಪ್ರಕಾರ ಸಾಲಾಗಿ ಜೋಡಿಸಿಟ್ಟವರು. ತೊಳೆಯುತ್ತ ತೊಳೆಯುತ್ತಲೇ ಕಲಿತರು. ನಿವೃತ್ತರಾದ ದಿನ ಶಾಲೆಯವರು ಒಂದು ಗೋಡೆಗಡಿಯಾರ ಕೊಟ್ಟರು, ಅದು ಆರು ತಿಂಗಳಿಗೆ ನಿಂತುಹೋಯಿತು. ಮಾವನವರು ತಾವಾಗಿ ಬಾಯಿಬಿಟ್ಟು ಕೇಳಿ ತಂದದ್ದು ಒಂದೇ ಒಂದು ವಸ್ತು. ಅಂಚು ಚೂರು ಒಡೆದಿದೆಯೆಂದು ಕಸಕ್ಕೆ ಹಾಕಲು ಇಟ್ಟಿದ್ದ ಅಳತೆಯ ಸೀಸೆ. ಗೇಣಿಗಿಂತ ಸ್ವಲ್ಪ ಉದ್ದ, ಮೈಮೇಲೆ ಒಂದರಿಂದ ನೂರರವರೆಗೆ ಸಣ್ಣ ಸಣ್ಣ ಗೆರೆ.

ನಾನು ಅವರ ಸೊಸೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಮುಚ್ಚಿಟ್ಟು ಬರೆದರೆ ನನ್ನನ್ನು ಬಲ್ಲವರು ನಗುತ್ತಾರೆ. ನಾವು ಹದಿನಾಲ್ಕು ಹೆಂಗಸರು ಸೇರಿ ನಡೆಸುವ ಲಾಂಡ್ರಿಯಲ್ಲಿ ನನ್ನ ಕೆಲಸ. ಗುಡ್ಡದ ಮೇಲಿನ ಆಸ್ಪತ್ರೆಯ ಹಾಸಿಗೆ ಬಟ್ಟೆ, ಆಪರೇಷನ್ ಕೋಣೆಯ ಹಸಿರು ಬಟ್ಟೆ, ಡಾಕ್ಟರ ಕೋಟು, ಎಲ್ಲವೂ ನಮ್ಮಲ್ಲಿಗೆ ಬಂದು ಕುದಿದು, ಒಣಗಿ, ಇಸ್ತ್ರಿಯಾಗಿ ಹಿಂದಕ್ಕೆ ಹೋಗುತ್ತವೆ. ನನ್ನ ಗಂಡ ಅಲ್ಲೇ ಬಾಯ್ಲರ್ ನೋಡಿಕೊಳ್ಳುತ್ತಾರೆ. ಅವರು ದಿನಕ್ಕೆ ಆಡುವ ಮಾತನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು, ಹಾಗಾಗಿ ಈ ಕಥೆಯಲ್ಲಿ ಅವರು ಮತ್ತೆ ಬರುವುದಿಲ್ಲ.

ಒಂಬತ್ತು ವರ್ಷ ನಾನು ಮಡಚುವ ಮೇಜಿನ ಮುಂದೆ ನಿಂತಿದ್ದೆ. ಬಿಸಿ ಬಟ್ಟೆ ಬರುತ್ತದೆ, ಎರಡು ಮೂಲೆ ಹಿಡಿ, ಜಾಡಿಸು, ಮಡಚು, ಮತ್ತೆ ಮಡಚು, ಬದಿಗಿಡು. ಬೆರಳ ಸಂದಿಯ ಚರ್ಮ ಒಡೆದು ಉಪ್ಪು ತಾಗಿದರೆ ಉರಿಯುತ್ತಿತ್ತು. ಊಟದ ಬಿಡುವಿನಲ್ಲಿ ಅಂಗಳಕ್ಕೆ ಹೋಗಿ ಲಾರಿಯ ಸ್ಟೀರಿಂಗ್ ಹಿಡಿದು ಕೂರುತ್ತಿದ್ದೆ. ಆಗಿದ್ದ ಡ್ರೈವರಣ್ಣ ಮೊದಲು ನಕ್ಕ, ಆಮೇಲೆ ಕಲಿಸಿದ. ಅವನು ಕಣ್ಣು ಮಂಜಾಗಿ ಕೆಲಸ ಬಿಟ್ಟಾಗ ನಾನು ಲೈಸೆನ್ಸು ಹಿಡಿದು ದೊಡ್ಡಕ್ಕನ ಮುಂದೆ ನಿಂತೆ. ದೊಡ್ಡಕ್ಕ ಎಂದರೆ ಲಾಂಡ್ರಿಯ ಮುಖ್ಯಸ್ಥೆ, ನಮ್ಮೆಲ್ಲರಿಗಿಂತ ಹಿರಿಯಳು, ನಕ್ಕರೆ ಏನೋ ನಷ್ಟವಾಗುತ್ತದೆ ಎಂದು ನಂಬಿದವಳು.

"ತಗೋ," ಎಂದು ಕೀಲಿ ಮೇಜಿನ ಮೇಲಿಟ್ಟಳು. "ಆದ್ರೆ ನಿನ್ನ ಸಿಟ್ಟನ್ನ ಗಾಡಿ ಮೇಲೆ ತೋರಿಸಿ ಏನಾದ್ರೂ ಕೆಡಿಸಿದ್ಯೋ, ಮತ್ತೆ ಮೇಜಿಗೇ."

ಆ ಸೀಟಿನಲ್ಲಿ ಕೂತ ಮೊದಲ ದಿನ ನನಗೆ ಆದ ಸಂತೋಷವನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ. ಕಿಟಕಿಯಿಂದ ಗಾಳಿ ಬಂತು. ಉಗಿಯ ವಾಸನೆಯಿಲ್ಲದ ಗಾಳಿ. ಒಂಬತ್ತು ವರ್ಷದಲ್ಲಿ ಮೊದಲ ಸಲ ಕೆಲಸದ ಹೊತ್ತಿನಲ್ಲಿ ಆಕಾಶ ನೋಡಿದೆ.

ಲಾರಿಗೆ ನಾವಿಟ್ಟ ಹೆಸರು ಅತ್ತೆ. ನಾನು ಮದುವೆಯಾಗಿ ಬರುವ ಮೊದಲೇ ನನ್ನ ಅತ್ತೆ ತೀರಿಕೊಂಡಿದ್ದರು, ಆ ಕೊರತೆಯನ್ನು ಈ ಲಾರಿ ಬಡ್ಡಿ ಸಮೇತ ತುಂಬಿಕೊಟ್ಟಿತು. ಬಹಳ ಹಳೆಯ ಪೆಟ್ರೋಲ್ ಲಾರಿ. ಹಿಂಭಾಗಕ್ಕೆ ಒಳಗಡೆ ತಗಡು ಹೊಡೆಸಿ, ಬಟ್ಟೆಯ ತಳ್ಳುಗಾಡಿ ನಿಲ್ಲಲು ಕಂಬಿ ಹಾಕಿಸಿದ್ದರು. ಬೇರೆ ಯಾವ ಗಾಡಿಯಲ್ಲೂ ನಮ್ಮ ತಳ್ಳುಗಾಡಿಗಳು ಅಷ್ಟು ಸರಿಯಾಗಿ ಕೂರುತ್ತಿರಲಿಲ್ಲ. ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಮಾತಾಡಿಸಿದರೆ ಹೊರಡುತ್ತಾಳೆ, ಇಲ್ಲದಿದ್ದರೆ ಮುಖ ಊದಿಸಿಕೊಂಡು ನಿಲ್ಲುತ್ತಾಳೆ. ಆದರೂ ಇಬ್ಬರಿಗೂ ಹೊಂದಿಕೆಯಾಗಿತ್ತು.

ಎರಡನೆಯ ವರ್ಷ ಅತ್ತೆಗೆ ಕಾಯಿಲೆ ಶುರುವಾಯಿತು. ನಡುರಸ್ತೆಯಲ್ಲಿ ಉಸಿರು ಕಟ್ಟಿದಂತಾಗಿ ನಿಲ್ಲುತ್ತಿದ್ದಳು, ಕಾರ್ಬ್ಯುರೇಟರಿನಿಂದ ಪೆಟ್ರೋಲು ತೊಟ್ಟಿಕ್ಕುತ್ತಿತ್ತು. ಪಕ್ಕದ ಬೀದಿಯ ಮೆಕ್ಯಾನಿಕ್ ಬಿಚ್ಚಿ, ಒಳಗಿನ ಕಾರ್ಕಿನ ತೇಲುಗುಂಡನ್ನು ತೆಗೆದು ನನ್ನ ಅಂಗೈ ಮೇಲಿಟ್ಟ. ಅಂಟಂಟಾಗಿತ್ತು.

"ಇದರ ಮೇಲೆ ಅರಗಿನ ಲೇಪ ಇತ್ತಮ್ಮ. ಈಗಿನ ಪೆಟ್ರೋಲಲ್ಲಿ ಎಥನಾಲ್ ಸೇರಿಸಿರ್ತಾರೆ, ಅದು ಆ ಲೇಪಾನ ಕರಗಿಸಿ ತಿಂದುಹಾಕಿದೆ. ಕಾರ್ಕು ನೆಂದು ಮುಳುಗ್ತಿದೆ, ಅದು ತೇಲಿದ್ರೇನೇ ಒಳಗೆ ಬರೋ ಪೆಟ್ರೋಲು ನಿಲ್ಲೋದು. ರಬ್ಬರ್ ಪೈಪೂ ಊದಿಕೊಂಡಿದೆ ನೋಡು. ಹೊಸ ಗಾಡಿಗಳಿಗೆ ಇದೇನೂ ಮಾಡಲ್ಲ, ಅವುಗಳನ್ನ ಇದಕ್ಕಂತಲೇ ಮಾಡಿರ್ತಾರೆ. ಇದು ಹಳೇ ಕಾಲದ್ದು. ಅದರ ಮೇಲೆ ನೀವು ಗಾಡಿ ನಿಲ್ಲಿಸೋದು ಉಗಿ ಪೈಪಿನ ಪಕ್ಕ. ಎಥನಾಲ್ ತೇವಾನೆಲ್ಲ ಎಳ್ಕೊಂಡು ಟ್ಯಾಂಕಲ್ಲಿ ನೀರು ಮಾಡುತ್ತೆ."

ಅಷ್ಟಕ್ಕೇ ಮುಗಿಯಲಿಲ್ಲ. ಇಂಜಿನ್ ಬಿಸಿಯಾಗಿ ಅದರ ಮೇಲ್ಭಾಗದ ಮುಚ್ಚಳ ಡೊಂಕಾಗಿತ್ತು. ಅದನ್ನು ತೆಳುವಾಗಿ ಹೆರೆದು ಮಟ್ಟಮಾಡಿ ಕೂರಿಸಿದ. "ಈಗ ಒಳಗಡೆ ಜಾಗ ಕಮ್ಮಿಯಾಯ್ತು, ಒತ್ತಡ ಜಾಸ್ತಿ. ಎಥನಾಲ್ ಇಲ್ಲದ್ದೂ ಆಗಬೇಕು, ಆಕ್ಟೇನ್ ಜಾಸ್ತಿ ಇರೋದೂ ಆಗಬೇಕು. ಎರಡೂ ಒಟ್ಟಿಗೆ ಎಲ್ಲಿ ಸಿಗುತ್ತೋ, ನಂಗಂತೂ ಗೊತ್ತಿಲ್ಲ."

ಮನೆಗೆ ಬಂದು ಮಾವನವರನ್ನು ಕೇಳಿದೆ, "ಆಕ್ಟೇನ್ ಅಂದ್ರೇನು?"

"ತಾಳ್ಮೆ," ಎಂದರು.

"ಏನು?"

"ಪೆಟ್ರೋಲಿನ ತಾಳ್ಮೆ ಕಣಮ್ಮ. ಇಂಜಿನ್ನಿನೊಳಗೆ ಅದನ್ನ ಒತ್ತಿ ಇಡ್ತಾರೆ. ಕಿಡಿ ಬರೋವರೆಗೂ ಅದು ಸುಮ್ನೆ ಕಾಯ್ಬೇಕು. ಆಕ್ಟೇನ್ ಕಮ್ಮಿ ಇದ್ರೆ ಕಾಯಲ್ಲ, ತನ್ನ ಸರದಿ ಬರೋ ಮುಂಚೆನೇ ಹೊತ್ಕೊಂಡು ಹಾರಾಡುತ್ತೆ." ಕನ್ನಡಕ ಒರೆಸಿಕೊಂಡು ಸೇರಿಸಿದರು, "ನಿನ್ನ ಥರ."

ಮರುದಿನವೇ ಸೀಸೆ ಕಾಲುಚೀಲ ತೊಟ್ಟು ಹೊರಟಿತು. ಅವರ ಪರೀಕ್ಷೆ ಬಹಳ ಸರಳ. ಹತ್ತರ ಗೆರೆಯವರೆಗೆ ನೀರು, ಅದರ ಮೇಲೆ ನೂರರವರೆಗೆ ಪೆಟ್ರೋಲು. ಬಿರಡೆ ಹಾಕಿ ಅಲ್ಲಾಡಿಸಿ ನಿಲ್ಲಿಸುವುದು. ನೀರು ತಳಕ್ಕಿಳಿಯುತ್ತದೆ, ಪೆಟ್ರೋಲು ಮೇಲೆ ನಿಲ್ಲುತ್ತದೆ, ನಡುವೆ ಒಂದು ತೆಳುವಾದ ಅಂಚು. ಪೆಟ್ರೋಲಿನಲ್ಲಿ ಎಥನಾಲ್ ಇದ್ದರೆ ಅದು ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಸೇರಿಕೊಳ್ಳುತ್ತದೆ, ನೀರಿನ ಮಟ್ಟ ಹತ್ತರಿಂದ ಹದಿನೆಂಟಕ್ಕೋ ಇಪ್ಪತ್ತಕ್ಕೋ ಏರುತ್ತದೆ. ಇಲ್ಲದಿದ್ದರೆ ಹತ್ತರಲ್ಲೇ ಇರುತ್ತದೆ. ಬಂಕಿನಿಂದ ದೂರ, ಮರದ ನೆರಳಲ್ಲಿ, ಕಲ್ಲಿನ ಮೇಲೆ ಸೀಸೆ ನಿಲ್ಲಿಸಿ ಅದರ ಮಟ್ಟಕ್ಕೆ ಕಣ್ಣು ಬರುವ ಹಾಗೆ ಮಂಡಿಯೂರಿ ಕೂರುತ್ತಿದ್ದರು. ಹೋಗಿಬರುವವರು ನಿಂತು ನೋಡುತ್ತಿದ್ದರು. ಅವರಿಗದರ ಪರಿವೆಯೇ ಇರಲಿಲ್ಲ.

ಸಂಜೆ ಬಂದು ವರದಿ ಒಪ್ಪಿಸುತ್ತಿದ್ದರು. ಸೇತುವೆಯ ಹತ್ತಿರದ ಬಂಕು, ಆಕ್ಟೇನ್ ಜಾಸ್ತಿ, ಆದರೆ ಗೆರೆ ಹತ್ತೊಂಬತ್ತು. ಮಾರುಕಟ್ಟೆ ಹಿಂದಿನದು, ಹತ್ತೊಂಬತ್ತೂವರೆ. ಊರಾಚೆ ಹುಲ್ಲು ಕತ್ತರಿಸುವ ಯಂತ್ರ ಮಾರುವವನ ಬಳಿ ಒಂದು ಪೀಪಾಯಿ, ಗೆರೆ ಏರಲೇ ಇಲ್ಲ, ಆದರೆ ಆಕ್ಟೇನ್ ತೀರಾ ಕಮ್ಮಿ. ಒಂದಿದ್ದರೆ ಒಂದಿಲ್ಲ. ನಾನು ಮೊದಮೊದಲು ಕೇಳಿಸಿಕೊಂಡೆ, ಆಮೇಲೆ ರೇಗತೊಡಗಿದೆ. "ನಿಮ್ಮ ಗೆರೆ ನೋಡ್ಕೊಂಡು ಕೂತ್ರೆ ನನ್ನ ಗಾಡಿ ಓಡಲ್ಲ ಮಾವ," ಎಂದು ಒಂದು ದಿನ ತಟ್ಟೆ ಕುಕ್ಕಿದೆ. ಅವರು ತಟ್ಟೆಯನ್ನು ಸರಿಯಾಗಿಟ್ಟು ಊಟ ಮುಂದುವರಿಸಿದರು.

ನನ್ನ ಅವಸರಕ್ಕೂ ಕಾರಣವಿತ್ತು. ಅತ್ತೆ ಆಗಲೇ ಎರಡು ಸಲ ದಾರಿಯಲ್ಲಿ ಕೈಕೊಟ್ಟಿದ್ದಳು. ದೊಡ್ಡಕ್ಕ ಬಾಡಿಗೆ ವ್ಯಾನಿನವರನ್ನು ಕರೆಸಿ ಮಾತಾಡಿದ್ದನ್ನು ಕಣ್ಣಾರೆ ನೋಡಿದ್ದೆ. ಬಾಡಿಗೆ ವ್ಯಾನಿಗೆ ಅದರದೇ ಡ್ರೈವರ್ ಇರುತ್ತಾನೆ. ಆ ವ್ಯಾನು ಅಂಗಳಕ್ಕೆ ಬಂದ ದಿನ ನಾನು ಮತ್ತೆ ಮೇಜಿನ ಮುಂದೆ, ಎರಡು ಮೂಲೆ ಹಿಡಿ, ಜಾಡಿಸು, ಮಡಚು.

ಅಂಥದ್ದರಲ್ಲಿ ಮಾವನವರ ಮಗಳು ಮನೆ ಬದಲಾಯಿಸುತ್ತಿದ್ದಳೆಂದು ಅವರು ಒಂದು ವಾರ ಅಲ್ಲಿಗೆ ಹೋದರು. ಸೀಸೆ ಬಿಟ್ಟುಹೋದರು. ಮಗಳು ನನಗಿಂತ ಜೋರು.

ಅವರಿಲ್ಲದ ಐದನೆಯ ದಿನ ನಾನು ಸೇತುವೆ ಬಂಕಿನ ಹೆಚ್ಚು ಆಕ್ಟೇನಿನ ಪೆಟ್ರೋಲು ತಂದು ಸೀಸೆಯಲ್ಲಿ ನೋಡಿದೆ. ಗೆರೆ ಏರಿತು. ಏರಿದ್ದನ್ನು ನೋಡುತ್ತಿದ್ದಂತೆಯೇ ತಲೆಯಲ್ಲಿ ಮಿಂಚು ಹೊಡೆಯಿತು. ಅಯ್ಯೋ, ಎಥನಾಲ್ ತಾನಾಗಿಯೇ ನೀರಿಗೆ ಇಳಿಯುತ್ತಿದೆಯಲ್ಲ! ಈಗ ಮೇಲೆ ಉಳಿದದ್ದು ಬರೀ ಪೆಟ್ರೋಲು. ಸೀಸೆಯಲ್ಲಾಗುವುದು ದೊಡ್ಡ ಪಾತ್ರೆಯಲ್ಲಿ ಯಾಕಾಗಬಾರದು? ತಿಂಗಳುಗಟ್ಟಲೆ ಬಂಕು ಬಂಕು ಅಲೆದ ಮನುಷ್ಯನಿಗೆ ಇಷ್ಟು ಹೊಳೆಯಲಿಲ್ಲವಲ್ಲ! ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಬಟ್ಟೆ ಒಗೆಯುವವರ ಕೈಗೆ ಏನು ಕೊಟ್ಟರೂ ಒಗೆಯಬೇಕು ಅನ್ನಿಸುತ್ತದೆ, ಅದು ನಮ್ಮ ಕಸುಬಿನ ರೋಗ.

ಲಾಂಡ್ರಿಯ ಹಿಂದಿನ ಷೆಡ್ಡಿನಲ್ಲಿ ಗಂಜಿ ಹಾಕುವ ಹಳೆಯ ತೊಟ್ಟಿಯೊಂದಿತ್ತು, ತಳದಲ್ಲಿ ನಲ್ಲಿಯಿರುವಂಥದ್ದು. ಅದಕ್ಕೆ ಪೆಟ್ರೋಲು ಸುರಿದು, ನೀರು ಹಾಕಿ, ಮರದ ಕೋಲಿನಿಂದ ಕಲಕಿ, ಮುಚ್ಚಿ, ಅರ್ಧ ದಿನ ಬಿಟ್ಟೆ. ತಳದ ನೀರನ್ನು ನಲ್ಲಿಯಿಂದ ಇಳಿಸಿ, ಮೇಲಿನದ್ದನ್ನು ಕ್ಯಾನಿಗೆ ತುಂಬಿದೆ. ಸೀಸೆಯಲ್ಲಿ ಪರೀಕ್ಷೆ ಮಾಡಿದೆ. ಗೆರೆ ಹತ್ತರಲ್ಲೇ ನಿಂತಿತು. ಒಂದು ಕೂದಲೆಳೆಯಷ್ಟೂ ಏರಲಿಲ್ಲ. ನಾನು ಷೆಡ್ಡಿನಲ್ಲಿ ಒಬ್ಬಳೇ ಕುಣಿದೆ.

ಮರುದಿನ ಆಸ್ಪತ್ರೆಯ ಪೂರ್ತಿ ಲೋಡು. ಸಮತಟ್ಟಾದ ರಸ್ತೆಯಲ್ಲಿ ಅತ್ತೆ ಬೆಣ್ಣೆಯ ಹಾಗೆ ಹೋದಳು. ಗುಡ್ಡದ ಏರು ಶುರುವಾದ ಮೇಲೆ ಎಲ್ಲೋ ಟಿಕ್ಕು ಟಿಕ್ಕು ಎಂಬ ಸದ್ದು. ತಗಡಿನ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ. ಹಿಂದಿನ ಕಂಬಿ ಸಡಿಲವಾಗಿದೆ ಎಂದುಕೊಂಡು ಇನ್ನೂ ಒತ್ತಿದೆ. ಸದ್ದು ಜೋರಾಯಿತು. ನಾನು ಹಠ ಬಿಡಲಿಲ್ಲ. ಎರಡನೆಯ ತಿರುವಿನಲ್ಲಿ ಒಳಗಡೆ ಏನೋ ಪಟ್ಟೆಂದು ಒಡೆದು, ಹೊಗೆ ಬಂದು, ಅತ್ತೆ ನಿಂತೇಬಿಟ್ಟಳು. ಆಸ್ಪತ್ರೆಯ ಜನ ಬಂದು ತಳ್ಳುಗಾಡಿಗಳನ್ನು ಕೈಯಲ್ಲಿ ದೂಡಿಕೊಂಡು ಹೋದರು. ಆಪರೇಷನ್ ಕೋಣೆಯವರು ಒಂದು ಗಂಟೆ ಬಟ್ಟೆಗಾಗಿ ಕಾಯಬೇಕಾಯಿತು.

ಲಾರಿಯನ್ನು ಎಳೆದು ತಂದ ಮೇಲೆ ಮೆಕ್ಯಾನಿಕ್ ಇಂಜಿನ್ ಬಿಚ್ಚಿದ. ಒಂದು ಪಿಸ್ಟನ್ನಿನ ಅಂಚು ಚೂರಾಗಿತ್ತು. "ತೀರಾ ಕಮ್ಮಿ ಆಕ್ಟೇನಿನ ಪೆಟ್ರೋಲು," ಎಂದ. ಹೇಗೆ ಸಾಧ್ಯ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ದೊಡ್ಡಕ್ಕ ಷೆಡ್ಡಿನಿಂದ ಬಂದಳು. ಗಂಜಿ ತೊಟ್ಟಿಯ ವಾಸನೆ ಅವಳ ಮೂಗಿಗೆ ಬಡಿದಿತ್ತು.

"ತೊಟ್ಟಿಯಲ್ಲಿ ಪೆಟ್ರೋಲ್ ತೊಳೆದದ್ದು ಯಾರು?"

ಮೆಕ್ಯಾನಿಕ್ ಹಣೆ ಚಚ್ಚಿಕೊಂಡ. "ತೊಳೆದ್ರಾ? ಅದರ ಆಕ್ಟೇನ್ ಏರಿಸಿ ಇಟ್ಟಿದ್ದೇ ಆ ಎಥನಾಲ್! ಅದನ್ನ ನೀರಲ್ಲಿ ಇಳಿಸಿದ್ರೆ ಆಕ್ಟೇನೂ ಅದರ ಜೊತೆ ಇಳಿದುಹೋಗುತ್ತಲ್ಲಮ್ಮ!"

ಉಳಿದ ಹನ್ನೆರಡು ಹೆಂಗಸರು ಬಾಗಿಲಲ್ಲಿ ನಿಂತಿದ್ದರು. ಅಷ್ಟು ಹೊತ್ತಿಗೆ ಗೇಟಿನ ಹತ್ತಿರದಿಂದ ಧ್ವನಿ ಬಂತು.

"ನಾನೇ."

ಮಾವನವರು. ಆಗತಾನೇ ಬಸ್ಸಿಳಿದು ಬಂದಿದ್ದರು, ಬ್ಯಾಗು ಇನ್ನೂ ಕೈಯಲ್ಲೇ ಇತ್ತು. "ಊರಿಗೆ ಹೋಗೋ ಹಿಂದಿನ ದಿನ ನಾನೇ ತೊಳೆದು ಕ್ಯಾನಿಗೆ ತುಂಬಿಟ್ಟಿದ್ದೆ. ಇವಳಿಗೆ ಗೊತ್ತಿಲ್ಲ. ಇದ್ದದ್ದನ್ನ ಹಾಕ್ಕೊಂಡು ಹೋಗಿದ್ದಾಳೆ, ಅಷ್ಟೇ."

ದೊಡ್ಡಕ್ಕ ನಂಬಿದಳು. ಸೀಸೆ ಹಿಡಿದು ಓಡಾಡುವವರಲ್ಲದೆ ಇಂಥ ಕೆಲಸ ಬೇರೆ ಯಾರು ಮಾಡುತ್ತಾರೆ? "ಮೂವತ್ತು ವರ್ಷ ಲ್ಯಾಬಲ್ಲಿದ್ದವರಿಗೆ ಇಷ್ಟೂ ತಿಳೀಲಿಲ್ವಾ?" ಎಂದು ಎಲ್ಲರ ಮುಂದೆ ಕೇಳಿದಳು. "ಇನ್ಮೇಲೆ ನೀವು ಈ ಗೇಟಿನೊಳಗೆ ಕಾಲಿಡಬಾರದು." ಮಾವನವರು ತಲೆ ತಗ್ಗಿಸಿದರು. ಮೂವತ್ತೊಂದು ವರ್ಷದಲ್ಲಿ ಒಂದು ಹನಿ ಆಸಿಡ್ ಚೆಲ್ಲದ ಮನುಷ್ಯ. ನಾನು ಪಕ್ಕದಲ್ಲೇ ನಿಂತಿದ್ದೆ, ಬಾಯಿ ಮುಚ್ಚಿಕೊಂಡು. ಎಲ್ಲರ ಮೇಲೂ ಹರಿಹಾಯುವ ನನ್ನ ಬಾಯಿ ಬೇಕಾದ ಹೊತ್ತಿಗೆ ಬರಲಿಲ್ಲ. ಆ ನಾಚಿಕೆ ಈಗಲೂ ನನ್ನಲ್ಲಿದೆ.

ಮನೆಗೆ ಬಂದು ಅಡುಗೆಮನೆಯಲ್ಲಿ ಕೂತು ಅಳತೊಡಗಿದೆ. ಮಾವನವರು ಬ್ಯಾಗು ಬಿಚ್ಚಿ ಬಟ್ಟೆ ತೆಗೆದಿಟ್ಟು, ಎರಡು ಲೋಟ ಟೀ ಮಾಡಿ, ಒಂದನ್ನು ನನ್ನ ಮುಂದಿಟ್ಟರು.

"ಯಾಕೆ ಹಾಗಂದ್ರಿ ಮಾವ?"

"ನನಗೆ ಹೋಗೋದು ಹೆಸರೊಂದೇ. ನಿನಗೆ ಸೀಟು ಹೋಗುತ್ತೆ." ಟೀ ಆರಿಸಿಕೊಂಡು ಒಂದು ಗುಟುಕು ಕುಡಿದರು. ಆಮೇಲೆ ತಡೆಯಲಾರದೆ ಕೇಳಿದರು, "ಅಷ್ಟು ದೊಡ್ಡ ತೊಟ್ಟಿಯಲ್ಲಿ ಅಂಚು ಸರಿಯಾಗಿ ಕಾಣಿಸ್ತಾ? ನೀರು ಎಷ್ಟು ಹಾಕಿದ್ದೆ?"

ಅಳುತ್ತಿದ್ದವಳು ನಕ್ಕುಬಿಟ್ಟೆ. ಎಲ್ಲವನ್ನೂ ಹೇಳಿದೆ. ಅವರು ಶ್ರದ್ಧೆಯಿಂದ ಕೇಳಿಸಿಕೊಂಡರು. "ಕೆಲಸ ಚೆನ್ನಾಗೇ ಮಾಡಿದ್ದೀಯ," ಎಂದರು. "ಆದ್ರೆ ಸೀಸೆಗೆ ನೀನು ಕೇಳಿದ್ದು ಒಂದೇ ಪ್ರಶ್ನೆ. ಅದು ಆ ಒಂದಕ್ಕೆ ಮಾತ್ರ ಉತ್ತರ ಹೇಳ್ತು."

ಲಾರಿ ರಿಪೇರಿಯಾಯಿತು. ದೊಡ್ಡಕ್ಕ ಒಂದು ತಿಂಗಳು ಗಡುವು ಕೊಟ್ಟಳು. ಈ ತಿಂಗಳಲ್ಲಿ ಒಂದೇ ಒಂದು ಸಲ ಏರಿನಲ್ಲಿ ನಿಂತರೂ ವ್ಯಾನು ಬರುತ್ತದೆ. ಹೆರೆದ ಇಂಜಿನ್ನಿಗೆ ಬೇಕಾದ ಪೆಟ್ರೋಲು ಮಾತ್ರ ಇನ್ನೂ ಸಿಕ್ಕಿರಲಿಲ್ಲ.

ಎರಡು ದಿನ ಮಾವನವರು ಎಲ್ಲೂ ಹೋಗಲಿಲ್ಲ. ನಿಂತ ಗಡಿಯಾರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತರು. ಮೂರನೆಯ ದಿನ ನನ್ನನ್ನು ಕರೆದರು. "ಇಷ್ಟು ದಿನ ಪೆಟ್ರೋಲು ಎಲ್ಲಿದೆ ಅಂತ ಹುಡುಕಿದೆ. ಅದು ತಪ್ಪು. ಯಾರಿಗೆ ಬೇಕು ಅಂತ ಹುಡುಕಬೇಕಿತ್ತು. ಪೆಟ್ರೋಲಲ್ಲಿ ನೀರು ಸೇರಿದ್ರೆ ಎಲ್ಲರಿಗಿಂತ ಹೆಚ್ಚು ಯಾರು ಹೆದರ್ತಾರೆ ಹೇಳು?"

"ನಾನು."

"ನೀನಲ್ಲ. ನಿನ್ನ ಗಾಡಿ ನಿಂತ್ರೆ ಇಳಿದು ನಡೀತೀಯ. ನೀರಿನ ಮೇಲಿರೋರಿಗೆ ಇಳಿದು ನಡೆಯೋಕಾಗುತ್ತಾ?"

ಬಸ್ಸಿನಲ್ಲಿ ಎರಡು ಗಂಟೆ ದೂರದ ದೊಡ್ಡ ಕೆರೆಯ ದಂಡೆಯಲ್ಲಿ ದೋಣಿಕಟ್ಟೆಯೊಂದಿತ್ತು. ನನ್ನ ರಜಾದಿನ ಇಬ್ಬರೂ ಹೋದೆವು. ಕಟ್ಟೆಯ ತುದಿಯಲ್ಲಿ ಒಂದೇ ಒಂದು ಪಂಪು, ಅದನ್ನು ನೋಡಿಕೊಳ್ಳಲು ಮಂಡಿಯವರೆಗೆ ರಬ್ಬರ್ ಬೂಟು ತೊಟ್ಟ ಒಬ್ಬ ಹೆಂಗಸು. ಎಲ್ಲರೂ ಅವಳನ್ನು ಬೂಟಮ್ಮ ಎನ್ನುತ್ತಿದ್ದರು. ಪಂಪಿನ ಮೇಲೆ ಕೈಬರಹದ ಹಲಗೆ: ಎಥನಾಲ್ ಇಲ್ಲ, ಆಕ್ಟೇನ್ ಹೆಚ್ಚು. ಮುಳುಗುವವರನ್ನು ಎತ್ತುವ ರಕ್ಷಣಾ ದೋಣಿಯ ಇಂಜಿನ್ನಿಗೆ ಅಂಥದ್ದೇ ಆಗಬೇಕಂತೆ. ಮಾವನವರು ಕಾಲುಚೀಲ ಬಿಚ್ಚಿದರು. ಸೀಸೆಯಲ್ಲಿ ನೋಡಿದರು, ಗೆರೆ ಹತ್ತು. "ಆಕ್ಟೇನ್ ನನ್ನ ಸೀಸೆಗೆ ಗೊತ್ತಾಗಲ್ಲ, ಅದರ ಕಾಗದ ತೋರಿಸ್ತೀರಾ?" ಎಂದರು. ಬೂಟಮ್ಮ ಸರಬರಾಜಿನ ಕಾಗದ ತೋರಿಸಿದಳು. ಮೆಕ್ಯಾನಿಕ್ ಹೇಳಿದ ಅಂಕಿಗಿಂತ ಎರಡು ಹೆಚ್ಚೇ ಇತ್ತು.

ನಾನು ಕ್ಯಾನು ಮುಂದಿಟ್ಟೆ. ಬೂಟಮ್ಮ ತಲೆಯಾಡಿಸಿದಳು. "ದೋಣಿಯವರಿಗೆ ಮಾತ್ರ. ಕಟ್ಟೆಯ ಸಂಘದವರ ನಿಯಮ. ಇರೋದೇ ಒಂದು ಟ್ಯಾಂಕು."

ನನ್ನ ಮೈಯೆಲ್ಲ ಉರಿದುಹೋಯಿತು. ಜಗಳಕ್ಕೆ ನಿಲ್ಲುವಷ್ಟರಲ್ಲಿ ಮಾವನವರು ನನ್ನ ತೋಳು ಹಿಡಿದರು. "ನಿಯಮ ಸರಿಯಾಗಿದೆ," ಎಂದರು. "ಇಲ್ಲಿ ಸ್ವಲ್ಪ ಹೊತ್ತು ಕೂತಿರಬಹುದಾ?"

ಅವರು ಸ್ವಲ್ಪ ಹೊತ್ತು ಕೂರಲಿಲ್ಲ. ಮುಂದಿನ ವಾರ ಪೂರ್ತಿ, ದಿನವೂ ಬಸ್ಸು ಹಿಡಿದು ಹೋಗಿ ಆ ಬೆಂಚಿನ ಮೇಲೆ ಕೂತರು. ಏನನ್ನೂ ಕೇಳಲಿಲ್ಲ. ದೋಣಿಯವರು ಸೀಸೆ ಏನೆಂದು ಕೇಳಿದರೆ ತೋರಿಸುತ್ತಿದ್ದರು. ಇತ್ತ ನಾನು ಹುಲ್ಲಿನ ಯಂತ್ರದವನ ಕಮ್ಮಿ ಆಕ್ಟೇನಿನ ಪೆಟ್ರೋಲನ್ನೇ ತುಂಬಿ, ಅರ್ಧ ಲೋಡು ಹಾಕಿಕೊಂಡು, ಎರಡೆರಡು ಸಲ ಓಡಾಡಿ, ಏರಿನಲ್ಲಿ ಅತ್ತೆಗೆ ಬೆಲ್ಲದಂಥ ಮಾತಾಡಿ, ಹೇಗೋ ದಿನ ತಳ್ಳುತ್ತಿದ್ದೆ.

ಶನಿವಾರ ಕಟ್ಟೆಗೆ ಹೊಸ ಟ್ಯಾಂಕರ್ ಬಂದಿತಂತೆ. ಪೈಪು ಜೋಡಿಸುವ ಮೊದಲು ಬೂಟಮ್ಮ ಬೆಂಚಿನ ಕಡೆ ನೋಡಿ, "ಅಜ್ಜಾ, ಒಂದ್ಸಲ ನೋಡ್ತೀರಾ?" ಎಂದಳಂತೆ. ಮಾವನವರು ಮಂಡಿಯೂರಿದರು. ಗೆರೆ ಹತ್ತರಿಂದ ಏರಿ ಹದಿನೇಳಕ್ಕೆ ನಿಂತಿತು. ಮತ್ತೊಂದು ಸಲ ಮಾಡಿದರು, ಮತ್ತೆ ಹದಿನೇಳು. ಬೇರೆಲ್ಲಿಗೋ ಹೋಗಬೇಕಿದ್ದ ಲೋಡು ತಪ್ಪಿ ಇಲ್ಲಿಗೆ ಬಂದಿತ್ತು. ಟ್ಯಾಂಕರಿನವನೇ ಬೆಚ್ಚಿಬಿದ್ದು ಫೋನು ಮಾಡಿ ವಾಪಸು ತೆಗೆದುಕೊಂಡು ಹೋದ. ಅದೇನಾದರೂ ರಕ್ಷಣಾ ದೋಣಿಯ ಹೊಟ್ಟೆಗೆ ಹೋಗಿದ್ದರೆ ಎಂದು ದೋಣಿಯವರು ಸುತ್ತ ನಿಂತು ಮಾತಾಡಿಕೊಂಡರು.

ಬೂಟಮ್ಮ ಮಾವನವರ ಪಕ್ಕ ಬೆಂಚಿನ ಮೇಲೆ ಬಂದು ಕೂತಳು. "ಪ್ರತಿ ಸಲ ಟ್ಯಾಂಕರ್ ಬಂದಾಗ ಬರ್ತೀರಾ?"

"ಬರ್ತೀನಿ."

"ಹಾಗಾದ್ರೆ ದೋಣಿಯವರದ್ದಾದ ಮೇಲೆ ಉಳಿದದ್ದರಲ್ಲಿ ನಿಮ್ಮ ಕ್ಯಾನು ತುಂಬ್ಕೊಳ್ಳಿ. ಸಂಘದವರಿಗೆ ನಾನು ಹೇಳ್ತೀನಿ."

ಕಟ್ಟೆಯ ಟ್ಯಾಂಕಿನಲ್ಲಿ ಮೊದಲಿನದೇ ಇನ್ನೂ ಸ್ವಲ್ಪ ಇತ್ತು, ಅವತ್ತು ಸಂಜೆ ಅದರಿಂದಲೇ ಅವರು ಮೊದಲ ಕ್ಯಾನು ತಂದರು. ಮನೆಗಲ್ಲ, ಲಾಂಡ್ರಿಗೆ. ನಮ್ಮ ಗೇಟು ನೆಲದ ಮೇಲಿನ ಕಬ್ಬಿಣದ ಹಳಿಯೊಂದರ ಮೇಲೆ ಸರಿಯುತ್ತದೆ. ಮಾವನವರು ಆ ಹಳಿಯ ಹೊರಗೆ ನಿಂತರು, ಚಪ್ಪಲಿಯ ತುದಿ ಸಹ ದಾಟದಂತೆ. ಕಾಲಿಡಬಾರದು ಎಂದು ದೊಡ್ಡಕ್ಕ ಹೇಳಿದ್ದಳಲ್ಲ, ಅವರು ಕಾಲಿಡಲಿಲ್ಲ. ಕೈ ಚಾಚಿ ಕ್ಯಾನನ್ನು ಒಳಗಿಟ್ಟರು. ತಿಂಗಳ ಉಳಿದ ದಿನವೆಲ್ಲ ಹಾಗೆಯೇ ನಡೆಯಿತು. ನಾನು ತಲೆ ತಗ್ಗಿಸಿಕೊಂಡು ಹೋಗಿ ಅದನ್ನು ಎತ್ತಿಕೊಂಡು ಬರುತ್ತಿದ್ದೆ.

ಹೊಸ ಪೆಟ್ರೋಲಿನ ಮೇಲೆ ಮೊದಲ ಪೂರ್ತಿ ಲೋಡು ಏರಿಸಿದ ದಿನ ಕಿಟಕಿ ಇಳಿಸಿ, ಕಿವಿ ನಿಮಿರಿಸಿ ಓಡಿಸಿದೆ. ಮೊದಲ ತಿರುವು. ಎರಡನೆಯ ತಿರುವು. ಟಿಕ್ಕು ಇಲ್ಲ, ಟಕ್ಕು ಇಲ್ಲ. ತಿರುವಿನ ಗೋಡೆಯ ಪಕ್ಕ ಮಾವನವರು ನಿಂತಿದ್ದರು. ಬೆಳಿಗ್ಗೆಯೇ ನಡೆದು ಏರಿ ಬಂದು, ಕಿವಿಗೆ ಕೈಯಿಟ್ಟು ಕೇಳುತ್ತಿದ್ದರು. ನಾನು ಹಾರ್ನು ಹೊಡೆದೆ. ಅವರು ಹಾರ್ನು ಹೊಡೆಯಬೇಡ, ಇಂಜಿನ್ ಕೇಳಿಸುವುದಿಲ್ಲ ಎಂದು ಕೈಸನ್ನೆ ಮಾಡಿದರು.

ತಿಂಗಳು ಮುಗಿಯಿತು. ಅತ್ತೆ ಒಂದು ಸಲವೂ ನಿಲ್ಲಲಿಲ್ಲ. ಕೊನೆಯ ಟ್ರಿಪ್ಪು ಮುಗಿಸಿ ಬಂದಾಗ ಮಧ್ಯಾಹ್ನ. ಮಡಚುವ ಕೋಣೆಯಲ್ಲಿ ದೊಡ್ಡಕ್ಕ ನಿಂತಿದ್ದಳು. "ವ್ಯಾನಿನವರಿಗೆ ಬೇಡ ಅಂತ ಹೇಳ್ದೆ," ಎಂದಳು. ಅವಳ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ಸೀಟು ನನ್ನದಾಯಿತು. ಅಲ್ಲಿಗೆ ಸುಮ್ಮನಾಗಬಹುದಿತ್ತು. ಕಿಟಕಿಯಿಂದ ನೋಡಿದರೆ ಗೇಟಿನ ಹಳಿಯ ಆಚೆ ಮಾವನವರು ಮುಂದಿನ ವಾರದ ಕ್ಯಾನು ಹಿಡಿದು ನಿಂತಿದ್ದರು.

"ದೊಡ್ಡಕ್ಕ," ಎಂದೆ. "ತೊಟ್ಟಿಯಲ್ಲಿ ಪೆಟ್ರೋಲ್ ತೊಳೆದದ್ದು ನಾನು. ಮಾವ ಆವಾಗ ಊರಲ್ಲೇ ಇರಲಿಲ್ಲ."

ಮೇಜಿನ ಸುತ್ತ ಜಾಡಿಸುತ್ತಿದ್ದ ಬಟ್ಟೆಗಳೆಲ್ಲ ನಿಂತವು. ದೊಡ್ಡಕ್ಕ ನನ್ನನ್ನು ದಿಟ್ಟಿಸಿ ನೋಡಿದಳು.

"ಕೀಲಿ ಕೊಡು."

ಕೊಟ್ಟೆ. ಕೈ ಖಾಲಿಯಾಯಿತು. ಆಶ್ಚರ್ಯವೆಂದರೆ ಎದೆ ಹಗುರವಾಯಿತು. ದೊಡ್ಡಕ್ಕ ಅಂಗಳ ದಾಟಿ ನೇರ ಗೇಟಿನ ಕಡೆ ನಡೆದಳು. ನಾವೆಲ್ಲ ಅವಳ ಹಿಂದೆ.

"ಯಾಕೆ ಸುಳ್ಳು ಹೇಳಿದ್ರಿ?" ಎಂದು ಮಾವನವರನ್ನು ಕೇಳಿದಳು.

ಅವರು ಹಳಿಯ ಹೊರಗೇ ನಿಂತು, ನನ್ನ ಮುಖ ನೋಡಿ, ಎಲ್ಲ ಅರ್ಥಮಾಡಿಕೊಂಡರು. "ಪೂರ್ತಿ ಸುಳ್ಳಲ್ಲ," ಎಂದರು. "ನೀರು ಹಾಕಿದ್ರೆ ಎಥನಾಲ್ ಇಳಿಯುತ್ತೆ ಅಂತ ದಿನಾ ತೋರಿಸಿದವನು ನಾನು. ಇಳಿದ ಮೇಲೆ ಏನು ಕಮ್ಮಿಯಾಗುತ್ತೆ ಅಂತ ಹೇಳಿಕೊಡಲಿಲ್ಲ. ಅರ್ಧ ಪಾಠ ಮಾಡಿದ್ದು ನನ್ನ ತಪ್ಪೇ ಅಲ್ವಾ?"

ದೊಡ್ಡಕ್ಕ ಗೇಟನ್ನು ಪೂರ್ತಿ ಸರಿಸಿ, ಕೀಲಿಯನ್ನು ಅವರ ಮುಂದೆ ಹಿಡಿದಳು. "ಒಳಗೆ ಬನ್ನಿ. ಇದನ್ನ ಯಾರಿಗೆ ಕೊಡಬೇಕೋ ನೀವೇ ಕೊಡಿ."

ಮಾವನವರು ಮೊದಲು ಕ್ಯಾನನ್ನು ಒಳಗಿಟ್ಟರು. ನಂತರ ಒಂದು ಕಾಲು, ನಂತರ ಇನ್ನೊಂದು. ಕೀಲಿ ತೆಗೆದುಕೊಂಡು ನನ್ನ ಅಂಗೈಯಲ್ಲಿಟ್ಟು ನನ್ನ ಬೆರಳುಗಳನ್ನು ಮುಚ್ಚಿದರು. ನಾನು ಆಗ ಒಂದು ಧನ್ಯವಾದವನ್ನೂ ಹೇಳಲಿಲ್ಲ. ಇವತ್ತು ಇದನ್ನು ಬರೆಯುತ್ತಿರುವುದು ಅದಕ್ಕೇ. ನನ್ನ ಅಪ್ಪ ಅಮ್ಮನಿಗೂ ನಾನು ಇಷ್ಟು ಋಣಿಯಲ್ಲ.

"ಸೀಸೆ ಎಲ್ಲಿ?" ಎಂದರು.

"ಬೆಳಿಗ್ಗೆ ನಾನೇ ತಗೊಂಡು ಹೋಗಿದ್ದೆ, ಲಾರಿಯಲ್ಲಿದೆ."

"ತಗೊಂಡು ಬಾ. ಈ ಕ್ಯಾನು ಇನ್ನೂ ನೋಡಿಲ್ಲ."

ಸೀಸೆ ತಂದೆ, ನೀರು ತಂದೆ. ಅಂಗಳದ ಕಲ್ಲಿನ ಮೇಲೆ ಅವರು ಮಂಡಿಯೂರಿದರು. ಹೆಂಗಸರು ಸುತ್ತ ನಿಂತರು, ದೊಡ್ಡಕ್ಕ ಎಲ್ಲರಿಗಿಂತ ಮುಂದೆ. "ಸರಿಯಾಗಿ ಹೇಳಿ, ನಮಗೂ ಅರ್ಥ ಆಗಲಿ," ಎಂದಳು. ಮಾವನವರು ಗಂಟಲು ಸರಿಮಾಡಿಕೊಂಡರು. ನೀರು ಯಾಕೆ, ಗೆರೆ ಯಾಕೆ, ಏರಿದರೆ ಏನು, ಏರದಿದ್ದರೆ ಏನು, ಎಥನಾಲ್ ಹೋದರೆ ಅದರ ಜೊತೆ ಏನು ಹೋಗುತ್ತದೆ, ಸೀಸೆಗೆ ಏನು ಗೊತ್ತು, ಏನು ಗೊತ್ತಿಲ್ಲ, ಎಲ್ಲವನ್ನೂ ಹೇಳಿದರು. ಒಂದಿಬ್ಬರು ಪ್ರಶ್ನೆ ಕೇಳಿದರು. ಅವರು ಅವಸರ ಮಾಡದೆ ಉತ್ತರ ಕೊಟ್ಟರು. ಮೂವತ್ತೊಂದು ವರ್ಷ ಬೇರೆಯವರ ಪಾಠ ಮುಗಿಯಲೆಂದು ಬಾಗಿಲಾಚೆ ಕಾದವರು.

ಗೆರೆ ಹತ್ತರಲ್ಲೇ ನಿಂತಿತ್ತು. ಎಲ್ಲರೂ ಬಗ್ಗಿ ನೋಡಿ ಒಳಗೆ ಹೋದರು. ಮಾವನವರು ಅಭ್ಯಾಸಬಲದಿಂದ ಸೀಸೆ ತೊಳೆಯಲು ಎದ್ದರು. ನಾನು ಅದನ್ನು ಅವರ ಕೈಯಿಂದ ತೆಗೆದುಕೊಂಡು ಹೋಗಿ ತೊಳೆದು, ಒರೆಸಿ, ಕಾಲುಚೀಲದಲ್ಲಿಟ್ಟೆ.